ನೆಲ್ಲಿಕಾಯಿಯ ನೆಂಟ ನೀರಿನ ಮೇಲೆ

ಕಾಮಾಲೆಗೆ ಅಜ್ಜಿಯರು ಅರೆದು ಕೊಡುತ್ತಿದ್ದ ನೆಲನೆಲ್ಲಿ ನಮಗೆಲ್ಲ ಗೊತ್ತು. ಬೆಟ್ಟದ ನೆಲ್ಲಿಕಾಯಿಯಂತೂ ಉಪ್ಪಿನಕಾಯಿ ಜಾಡಿಯಲ್ಲೇ ಇದೆ. ಇದೇ ಕುಟುಂಬದ ಗಿಡವೊಂದು ಮಣ್ಣಿನ ಹಂಗು ತೊರೆದು ನೀರಿನ ಮೇಲೆ ತೇಲುತ್ತ ಬದುಕುತ್ತದೆ ಎಂದರೆ ಅಚ್ಚರಿಯಾದೀತು.

ಅದರ ಹೆಸರು ಫಿಲಾಂಥಸ್ ಫ್ಲೂಯಿಟನ್ಸ್. ಫ್ಲೂಯಿಟನ್ಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೇಲುವಂಥದು. ದಕ್ಷಿಣ ಅಮೆರಿಕದ ಅಮೆಜಾನ್ ಮೊದಲಾದ ನದಿಗಳ ನಿಂತ ನೀರು ಅದರ ತವರು. ಸಸ್ಯಶಾಸ್ತ್ರಜ್ಞರು 1863ರಲ್ಲೇ ಅದನ್ನು ವಿವರಿಸಿದ್ದರು. ಇಂದು ಅದು ಮನೆಯ ಮೀನಿನ ತೊಟ್ಟಿಗಳಿಗೂ ಅತಿಥಿ.

ಗಾಜಿನ ತೊಟ್ಟಿಯಲ್ಲಿ ಗಿಡವನ್ನು ಬೆಳೆಸುವುದು ಬರಿಯ ಅಲಂಕಾರವಲ್ಲ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಮೀನು, ಗಿಡ, ಬಸವನಹುಳು ಮೂರನ್ನೂ ಒಟ್ಟಿಗೆ ಇಟ್ಟರೆ ನೀರು ಬಹುಕಾಲ ಕೆಡದೆ ಉಳಿಯುವುದೆಂದು ತೋರಿಸಿದ. ತೇಲುವ ಗಿಡದ ಕೆಲಸವೂ ಅಂಥದೇ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ, ನೈಟ್ರೇಟುಗಳನ್ನು ಅದು ಗೊಬ್ಬರವಾಗಿ ಹೀರಿಕೊಳ್ಳುತ್ತದೆ. ಪಾಚಿಗೆ ಸಿಗುವ ಆಹಾರವೂ ಬೆಳಕೂ ಆಗ ಕಡಿಮೆಯಾಗುತ್ತವೆ. ಇಳಿಬಿದ್ದ ಕೆಂಪು ಬೇರುಗಳ ನಡುವೆ ಮರಿಮೀನುಗಳು ಅಡಗಿಕೊಳ್ಳುತ್ತವೆ.

ಒಂದೆರಡು ಸೆಂಟಿಮೀಟರ್ ಅಗಲದ ದುಂಡು ಎಲೆ ನಡುನರದ ಎರಡೂ ಬದಿಗೆ ಉಬ್ಬಿರುತ್ತದೆ. ಅದರಡಿ ಸಿಕ್ಕಿಕೊಂಡ ಗಾಳಿಯೇ ಗಿಡವನ್ನು ತೇಲಿಸುತ್ತದೆ. ಬೆಳಕು ಮಂದವಾಗಿದ್ದರೆ ಎಲೆ ಹಸಿರು. ಪ್ರಖರವಾದರೆ ಮಾಣಿಕ್ಯದಂತೆ ಕೆಂಪು. ಬಿಳಿಯ ಪುಟ್ಟ ಹೂವೂ ಬಿಡುತ್ತದೆ.

ಇದನ್ನು ಬೆಳೆಸುವವರು ಮುಖ್ಯವಾಗಿ ನೆನಪಿಡಬೇಕಾದದ್ದು ಒಂದೇ: ಬೇರು ನೀರಿನಲ್ಲಿರಲಿ, ಎಲೆಯ ಮೇಲ್ಭಾಗ ಒಣಗಿರಲಿ. ಫಿಲ್ಟರಿನ ರಭಸಕ್ಕೆ ಗಿಡ ಮುಳುಗಿದರೆ, ಬಿಗಿಯಾದ ಮುಚ್ಚಳದಿಂದ ಹನಿ ತೊಟ್ಟಿಕ್ಕಿದರೆ ಎಲೆ ಕೊಳೆಯುತ್ತದೆ. ತೆಳುವಾದ ಪ್ಲಾಸ್ಟಿಕ್ ಕೊಳವೆಯನ್ನು ಬಳೆಯಂತೆ ಬಾಗಿಸಿ, ತುದಿಗಳನ್ನು ಜೋಡಿಸಿ ತೇಲಿಬಿಟ್ಟರೆ ಅದೇ ಗಿಡಕ್ಕೆ ಬೇಲಿ. ನಮ್ಮ ಮನೆಗಳ ಸಾಧಾರಣ ಉಷ್ಣತೆಯೇ ಇದಕ್ಕೆ ಸಾಕು. ಕಾಂಡ ತುಂಡಾದಂತೆಲ್ಲ ಹೊಸ ಗಿಡವಾಗುವುದರಿಂದ ಆಗಾಗ ತೆಗೆಯುತ್ತಿರಬೇಕು. ಇಲ್ಲವಾದರೆ ತಳದ ಗಿಡಗಳಿಗೆ ಬೆಳಕೇ ಸಿಗದು.

ತೆಗೆದದ್ದನ್ನು ಎಲ್ಲಿ ಹಾಕುತ್ತೀರಿ? ನಿಜವಾದ ಪ್ರಶ್ನೆ ಇರುವುದು ಇಲ್ಲಿ. 2010ರಲ್ಲಿ ಅಮೆರಿಕದ ಫ್ಲಾರಿಡಾದ ಪೀಸ್ ನದಿಯಲ್ಲಿ ಇದೇ ಗಿಡ ಕಾಣಿಸಿಕೊಂಡಿತು. ಅದು ಅಲ್ಲಿಯದಲ್ಲ. ನಮಗೂ ಇಂಥ ಅನುಭವ ಹೊಸದಲ್ಲ. ಬ್ರೆಜಿಲ್ ಮೂಲದ ಸಾಲ್ವೀನಿಯಾ ಎಂಬ ತೇಲುಗಿಡ ಕೇರಳದ ಗದ್ದೆ, ಕಾಲುವೆಗಳನ್ನು ಮುಚ್ಚಿ ದೋಣಿಗಳಿಗೂ ದಾರಿ ಕೊಡದಂತೆ ಹಬ್ಬಿತ್ತು. ಜನ ಅದನ್ನು ಆಫ್ರಿಕನ್ ಪಾಯಲ್ ಎಂದು ಕರೆದರು. ಅದನ್ನು ತಿನ್ನುವ ಪುಟ್ಟ ಮೂತಿಹುಳುವನ್ನು 1980ರ ದಶಕದಲ್ಲಿ ಆಸ್ಟ್ರೇಲಿಯಾದಿಂದ ತರಿಸಿ, ಮೊದಲು ಬೆಂಗಳೂರಿನ ತಾವರೆಕೊಳವೊಂದರಲ್ಲಿ ಬಿಟ್ಟು ನೋಡಿ, ಅನಂತರ ಕೇರಳಕ್ಕೆ ಒಯ್ಯಲಾಯಿತು. ನಮ್ಮ ಕೆರೆಗಳನ್ನು ಕಾಡುವ ವಾಟರ್ ಹಯಸಿಂತ್ ಕೂಡ ದಕ್ಷಿಣ ಅಮೆರಿಕದಿಂದ ಅಲಂಕಾರದ ಹೂಗಿಡವಾಗಿ ಬಂದದ್ದೇ.

ಆದ್ದರಿಂದ ಹೆಚ್ಚಾದ ಗಿಡವನ್ನು ಕೆರೆಗಾಗಲಿ, ಚರಂಡಿಗಾಗಲಿ ಎಸೆಯಬೇಡಿ. ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಹೂಕುಂಡಕ್ಕೆ ಗೊಬ್ಬರ ಮಾಡಿ. ತೊಟ್ಟಿಯಲ್ಲಿ ಮಾಣಿಕ್ಯವಾಗಿರುವ ನೆಂಟ ಕೆರೆಗೆ ಇಳಿದರೆ ಮನೆಯ ಯಜಮಾನನೇ ಆಗಿಬಿಟ್ಟಾನು.