ಹೊದಿಕೆಯ ಗುರುತು, ಒಳಗಿನ ಸರಕು: ಒಂದು ಬ್ಲೂ-ರೇ ಡಿಸ್ಕ್ ಕಲಿಸಿದ ವ್ಯಾಪಾರದ ಪಾಠ

ಹೊಸ ತಂತ್ರಜ್ಞಾನದ ಹೆಸರಿನಲ್ಲಿ ಹಳೆಯ ಸರಕು ಮಾರುಕಟ್ಟೆಗೆ ಬಂದಾಗ ಏನಾಗುತ್ತದೆ? ದೋಷವು ಬಯಲಾದ ಮೇಲೆ ತಯಾರಕನು ಹೇಗೆ ನಡೆದುಕೊಳ್ಳಬೇಕು? ಈ ಎರಡು ಪ್ರಶ್ನೆಗಳು ಎಲ್ಲ ಉದ್ಯಮಗಳಿಗೂ ಅನ್ವಯಿಸುತ್ತವೆ. ಇವುಗಳಿಗೆ ಉತ್ತರ ನೀಡುವ ಒಂದು ಪ್ರಸಂಗವು ನಾವು ಸಾಮಾನ್ಯವಾಗಿ ಗಮನಿಸದ ಕ್ಷೇತ್ರದಲ್ಲಿ, ಅಂದರೆ ಮನೆಯಲ್ಲಿ ಸಿನಿಮಾ ನೋಡಲು ಮಾರುವ ಡಿಸ್ಕುಗಳ ವ್ಯಾಪಾರದಲ್ಲಿ, 2006 ಮತ್ತು 2007ರಲ್ಲಿ ನಡೆಯಿತು. ಸರಕು ಒಂದು ಸಾಹಸ ಚಿತ್ರದ ಡಿಸ್ಕ್, ಮಾರುಕಟ್ಟೆ ಅಮೆರಿಕದ್ದು. ಆದರೂ ಅದರ ಪಾಠವು ನಮ್ಮ ಸಣ್ಣ ಉದ್ದಿಮೆದಾರರಿಗೂ ವರ್ತಕರಿಗೂ ಅಷ್ಟೇ ಉಪಯುಕ್ತವಾಗಿರುವುದರಿಂದ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

2006ರಲ್ಲಿ ಡಿವಿಡಿಯ ಉತ್ತರಾಧಿಕಾರಿ ಯಾರೆಂಬ ಬಗ್ಗೆ ಎರಡು ಬಣಗಳ ನಡುವೆ ತೀವ್ರ ಪೈಪೋಟಿ ನಡೆದಿತ್ತು. ತೋಷಿಬಾ ಸಂಸ್ಥೆಯ ನೇತೃತ್ವದ ಎಚ್‌ಡಿ ಡಿವಿಡಿ ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದಿತು. ಸೋನಿ ಮುಂತಾದ ಸಂಸ್ಥೆಗಳು ರೂಪಿಸಿದ ಬ್ಲೂ-ರೇ ಡಿಸ್ಕ್ ಜೂನ್ ತಿಂಗಳಲ್ಲಿ ಬಂದಿತು. ಡಿವಿಡಿಯನ್ನು ಓದುವ ಕೆಂಪು ಲೇಸರ್ ಕಿರಣದ ತರಂಗಾಂತರ 650 ನ್ಯಾನೋಮೀಟರ್. ಬ್ಲೂ-ರೇ ಬಳಸುವ ನೀಲಿ-ನೇರಳೆ ಕಿರಣದ್ದು 405 ನ್ಯಾನೋಮೀಟರ್. ಕಿರಣವು ಸೂಕ್ಷ್ಮವಾದಷ್ಟೂ ಅಷ್ಟೇ ಅಗಲದ ಡಿಸ್ಕಿನಲ್ಲಿ ಹೆಚ್ಚು ಮಾಹಿತಿಯನ್ನು ಬರೆಯಬಹುದು. ಹೀಗಾಗಿ ಡಿವಿಡಿಯ ಒಂದು ಪದರದಲ್ಲಿ 4.7 ಗಿಗಾಬೈಟ್ ಮಾತ್ರ ಹಿಡಿಯುತ್ತಿದ್ದರೆ ಬ್ಲೂ-ರೇ ಡಿಸ್ಕಿನ ಒಂದು ಪದರದಲ್ಲಿ 25 ಗಿಗಾಬೈಟ್ ಹಿಡಿಯುತ್ತದೆ. ಅಮೆರಿಕದ ಡಿವಿಡಿಯ ಒಂದು ಚೌಕಟ್ಟಿನಲ್ಲಿ 3,45,600 ಚಿತ್ರಬಿಂದುಗಳಿದ್ದರೆ ಬ್ಲೂ-ರೇ ಚೌಕಟ್ಟಿನಲ್ಲಿ 20,73,600 ಬಿಂದುಗಳು, ಅಂದರೆ ಸರಿಯಾಗಿ ಆರು ಪಟ್ಟು.

ಗ್ರಾಹಕನಿಗೆ ನೀಡಿದ ಭರವಸೆಯೂ ಈ ಆರು ಪಟ್ಟಿನದೇ ಆಗಿತ್ತು. ಆ ಭರವಸೆಯನ್ನು ನಂಬಿದವನು ತೆರಬೇಕಾದ ಬೆಲೆ ಕಡಿಮೆಯೇನಲ್ಲ. ಅಮೆರಿಕದಲ್ಲಿ ಮೊದಲು ಮಾರಾಟಕ್ಕೆ ಬಂದ ಸ್ಯಾಮ್‌ಸಂಗ್ ಬ್ಲೂ-ರೇ ಪ್ಲೇಯರಿನ ಬೆಲೆ ಸುಮಾರು 1,000 ಡಾಲರ್. ಅದರ ಜೊತೆಗೆ ಹೈ ಡೆಫಿನಿಷನ್ ಟೆಲಿವಿಷನ್ನೂ ಬೇಕು. ಎರಡು ಬಣಗಳಲ್ಲಿ ಯಾವುದು ಉಳಿಯುತ್ತದೆ ಎಂಬುದು ತಿಳಿಯದಿದ್ದಾಗ ಇಷ್ಟು ಹಣ ತೊಡಗಿಸುವವನು ಒಂದರ್ಥದಲ್ಲಿ ಗ್ರಾಹಕನಷ್ಟೇ ಅಲ್ಲ, ಹೂಡಿಕೆದಾರನೂ ಹೌದು.

ಮೊದಲ ಸರಕು ಮತ್ತು ದೂರುಗಳು

1997ರಲ್ಲಿ ತೆರೆಕಂಡ, ಫ್ರೆಂಚ್ ನಿರ್ದೇಶಕ ಲ್ಯುಕ್ ಬೆಸೊನ್ ಅವರ 'ದಿ ಫಿಫ್ತ್ ಎಲಿಮೆಂಟ್' ಚಿತ್ರವನ್ನು ಸೋನಿ ಪಿಕ್ಚರ್ಸ್ 2006ರ ಜೂನ್ 20ರಂದು ಬ್ಲೂ-ರೇ ಡಿಸ್ಕಿನಲ್ಲಿ ಬಿಡುಗಡೆ ಮಾಡಿತು. ಬ್ಲೂ-ರೇ ರೂಪದಲ್ಲಿ ಬಂದ ಮೊಟ್ಟಮೊದಲ ಬೆರಳೆಣಿಕೆಯ ಚಿತ್ರಗಳಲ್ಲಿ ಇದೂ ಒಂದು. ಆಯ್ಕೆ ಸಹಜವಾಗಿಯೇ ಇತ್ತು. ಬ್ರೂಸ್ ವಿಲ್ಲಿಸ್ ನಾಯಕನಾಗಿದ್ದ ಈ ಚಿತ್ರದಲ್ಲಿ ಹಾರುವ ಕಾರುಗಳು, ಕಣ್ಸೆಳೆಯುವ ವರ್ಣವಿನ್ಯಾಸ, ಅಬ್ಬರದ ಸಾಹಸ ದೃಶ್ಯಗಳು ತುಂಬಿದ್ದವು. 2001ರಲ್ಲಿ 'ಸೂಪರ್‌ಬಿಟ್' ಎಂಬ ಶ್ರೇಣಿಯಲ್ಲಿ ಬಂದಿದ್ದ ಇದೇ ಚಿತ್ರದ ಡಿವಿಡಿ ಅತ್ಯುತ್ತಮ ಗುಣಮಟ್ಟದ್ದೆಂದು ಹೆಸರಾಗಿತ್ತು.

ಆದರೆ ಬ್ಲೂ-ರೇ ಡಿಸ್ಕ್ ನಿರಾಶೆಯನ್ನೇ ತಂದಿತು. ಚಿತ್ರ ನಿರೀಕ್ಷಿಸಿದಷ್ಟು ಸ್ಫುಟವಾಗಿಲ್ಲ, ಧೂಳಿನ ಚುಕ್ಕೆಗಳು ಕಾಣುತ್ತವೆ, ಹೊಸ ಮಾಧ್ಯಮಕ್ಕೆ ತಕ್ಕ ಗುಣಮಟ್ಟವಿಲ್ಲ ಎಂದು ವಿಮರ್ಶಕರು ಬರೆದರು. ಹಳೆಯ ಡಿವಿಡಿಯನ್ನು ಚೆನ್ನಾಗಿ ಬಲ್ಲ ಗ್ರಾಹಕರು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಿದರು. ಸರಕಿನ ಪರಿಚಯ ಚೆನ್ನಾಗಿರುವ ಗ್ರಾಹಕನೇ ದೋಷವನ್ನು ಮೊದಲು ಗುರುತಿಸುತ್ತಾನೆ ಎಂಬುದು ಇಲ್ಲಿಯೂ ನಿಜವಾಯಿತು. ಅದೇ ಸಮಯದಲ್ಲಿ ಎದುರು ಬಣದ ಎಚ್‌ಡಿ ಡಿವಿಡಿಯ ಆರಂಭದ ಡಿಸ್ಕುಗಳಿಗೆ ಪ್ರಶಂಸೆ ದೊರೆಯುತ್ತಿದ್ದುದರಿಂದ, ಒಂದು ಡಿಸ್ಕಿನ ದೋಷವು ಇಡೀ ಮಾಧ್ಯಮದ ದೋಷವೆಂಬಂತೆ ಪ್ರಚಾರವಾಗುವ ಅಪಾಯವಿತ್ತು.

ದೋಷ ಎಲ್ಲಿತ್ತು?

ಡಿಸ್ಕಿನ ಯಂತ್ರ ವಿನ್ಯಾಸದಲ್ಲಿ ದೋಷವಿರಲಿಲ್ಲ ಎಂಬುದನ್ನು ಮುಖ್ಯವಾಗಿ ಗಮನಿಸಬೇಕು. ಸಿನಿಮಾ ಡಿಸ್ಕಾಗುವ ಹಾದಿಯಲ್ಲಿ ಹಲವು ಹಂತಗಳಿವೆ. ಮೊದಲು 35 ಮಿಲಿಮೀಟರ್ ಫಿಲ್ಮಿನ ಪ್ರತಿಯೊಂದು ಚೌಕಟ್ಟನ್ನೂ ಯಂತ್ರದಿಂದ ಸ್ಕ್ಯಾನ್ ಮಾಡಿ ಮೂಲ ಪ್ರತಿಯನ್ನು ಸಿದ್ಧಪಡಿಸುತ್ತಾರೆ. ಬಳಿಕ ಧೂಳು ಮತ್ತು ಗೀರುಗಳನ್ನು ತೆಗೆದು, ಬಣ್ಣ ಹೊಂದಿಸಿ, ಡಿಸ್ಕಿನಲ್ಲಿ ಹಿಡಿಯುವಷ್ಟಕ್ಕೆ ಸಂಕುಚಿತಗೊಳಿಸುತ್ತಾರೆ. ಕೊನೆಯಲ್ಲಿ ಅಚ್ಚಿನಿಂದ ಡಿಸ್ಕುಗಳನ್ನು ಒತ್ತಿ ತೆಗೆಯುತ್ತಾರೆ. ಕೊನೆಯ ಹಂತದ ಯಂತ್ರವು ಎಷ್ಟೇ ನಿಖರವಾಗಿದ್ದರೂ, ಮೊದಲ ಹಂತದಲ್ಲಿ ಇಲ್ಲದ ವಿವರವನ್ನು ಅದು ಸೃಷ್ಟಿಸಲಾರದು. ಸವೆದ ಅಚ್ಚಿನಲ್ಲಿ ಉತ್ತಮ ಕಂಚನ್ನು ಸುರಿದರೂ ಮೂರ್ತಿಯ ಮುಖದ ಗೆರೆ ಮೂಡುವುದಿಲ್ಲ.

ಡಿವಿಡಿಯ ಕಾಲದಲ್ಲಿ ಸಿದ್ಧಪಡಿಸಿದ ಮೂಲ ಪ್ರತಿಗಳು ಡಿವಿಡಿಯ ಅಗತ್ಯಕ್ಕೆ ಸಾಕಾಗುತ್ತಿದ್ದವು. ಚಿಕ್ಕ ಚೌಕಟ್ಟಿನಲ್ಲಿ ಕಾಣದ ಧೂಳಿನ ಕಣವು ಆರು ಪಟ್ಟು ವಿವರ ತೋರಿಸುವ ಚೌಕಟ್ಟಿನಲ್ಲಿ ಎದ್ದು ಕಾಣುತ್ತದೆ. ಅಂದರೆ ಮಾಧ್ಯಮವು ಉತ್ತಮಗೊಂಡಷ್ಟೂ ಹಳೆಯ ಸರಕಿನ ಕೊರತೆ ಹೆಚ್ಚು ಬಯಲಾಗುತ್ತದೆ. ಇದಲ್ಲದೆ ಸೋನಿಯ ಆರಂಭದ ಡಿಸ್ಕುಗಳು ಒಂದೇ ಪದರದ 25 ಗಿಗಾಬೈಟ್ ಡಿಸ್ಕುಗಳಾಗಿದ್ದು, ಸಂಕೋಚನಕ್ಕೆ ಡಿವಿಡಿಯ ಕಾಲದ ಎಂಪೆಗ್-2 ವಿಧಾನವನ್ನೇ ಬಳಸಲಾಗಿತ್ತು. ಹೊಸ ವಿಧಾನಗಳಿಗೆ ಹೋಲಿಸಿದರೆ ಈ ವಿಧಾನಕ್ಕೆ ಹೆಚ್ಚು ಸ್ಥಳ ಬೇಕಾಗುತ್ತದೆ.

ಹೊದಿಕೆಯ ಮೇಲಿದ್ದ ಬ್ಲೂ-ರೇ ಗುರುತು ಸುಳ್ಳಾಗಿರಲಿಲ್ಲ. ಡಿಸ್ಕ್ ಮಾನದಂಡಕ್ಕೆ ತಕ್ಕಂತೆಯೇ ಇತ್ತು. ಬಿಂದುಗಳ ಸಂಖ್ಯೆಯೂ ಸರಿಯಾಗಿತ್ತು. ಆದರೆ ಆ ಗುರುತು ಪಾತ್ರೆಯ ಅಳತೆಯನ್ನು ದೃಢೀಕರಿಸುತ್ತಿತ್ತೇ ಹೊರತು ಪಾತ್ರೆಯೊಳಗಿನ ಹಾಲಿನ ಗಟ್ಟಿತನವನ್ನಲ್ಲ.

ಸಂಸ್ಥೆ ಕೈಗೊಂಡ ಕ್ರಮ

ಮುಂದಿನ ವರ್ಷ, 2007ರ ಜುಲೈ 17ರಂದು, ಸೋನಿ ಪಿಕ್ಚರ್ಸ್ ಅದೇ ಚಿತ್ರದ ಡಿಸ್ಕನ್ನು ಪರಿಷ್ಕರಿಸಿದ ಮೂಲ ಪ್ರತಿಯಿಂದ ಮತ್ತೆ ಬಿಡುಗಡೆ ಮಾಡಿತು. ಅಷ್ಟೇ ಅಲ್ಲದೆ, ಮೊದಲ ಡಿಸ್ಕಿನ ಚಿತ್ರದ ಗುಣಮಟ್ಟದಿಂದ ಅತೃಪ್ತರಾದವರಿಗೆ ಹೊಸ ಡಿಸ್ಕನ್ನು ಬದಲಿಸಿಕೊಡುವ ಯೋಜನೆಯನ್ನೂ ಜಾರಿಗೆ ತಂದಿತು. ಹೊಸ ಡಿಸ್ಕಿನಲ್ಲಿ ಬಟ್ಟೆಯ ನೇಯ್ಗೆ, ಮುಖದ ಸೂಕ್ಷ್ಮ ಗೆರೆಗಳು, ಬಣ್ಣದ ಛಾಯೆಗಳು ಸ್ಪಷ್ಟವಾಗಿ ಕಂಡವು. ವಿಮರ್ಶಕರು ಎರಡು ಡಿಸ್ಕುಗಳನ್ನು ಹೋಲಿಸಿ ಸುಧಾರಣೆಯನ್ನು ಒಪ್ಪಿಕೊಂಡರು.

ಲೆಕ್ಕದ ದೃಷ್ಟಿಯಿಂದ ನೋಡಿದರೆ ಈ ಕ್ರಮಕ್ಕೆ ಖರ್ಚಿದೆ: ಮರುಸಿದ್ಧತೆಯ ಖರ್ಚು, ಹೊಸ ಡಿಸ್ಕುಗಳ ಖರ್ಚು, ಸಾಗಣೆಯ ಖರ್ಚು. ಆದರೆ 2006ರಲ್ಲಿ ಈ ಡಿಸ್ಕ್ ಕೊಂಡವರು ಯಾರು? ಹೊಸ ಮಾಧ್ಯಮವನ್ನು ಎಲ್ಲರಿಗಿಂತ ಮೊದಲು ನಂಬಿ ದುಬಾರಿ ಪ್ಲೇಯರ್ ಕೊಂಡವರು. ನೆರೆಹೊರೆಯವರೂ ಬಂಧುಗಳೂ ಸಲಹೆ ಕೇಳುವುದು ಇಂಥವರನ್ನೇ. ಇವರು ಸಂಖ್ಯೆಯಲ್ಲಿ ಕಡಿಮೆ ಇರುವಾಗಲೇ ಬದಲಿಸಿಕೊಡುವುದು ಅಗ್ಗ. ಇವರ ಅಸಮಾಧಾನ ಹರಡಿದ ಮೇಲೆ ಅದನ್ನು ಸರಿಪಡಿಸುವುದು ದುಬಾರಿ.

ಮಾಧ್ಯಮಗಳ ಪೈಪೋಟಿಯಲ್ಲಿ ಬ್ಲೂ-ರೇ ಗೆದ್ದದ್ದು ಈ ಒಂದು ಡಿಸ್ಕಿನಿಂದಲ್ಲ. 2006ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 3 ಆಟದ ಯಂತ್ರದೊಳಗೆ ಬ್ಲೂ-ರೇ ಪ್ಲೇಯರ್ ಇದ್ದದ್ದು, 2008ರ ಜನವರಿಯಲ್ಲಿ ವಾರ್ನರ್ ಸಂಸ್ಥೆ ಬ್ಲೂ-ರೇ ಪಕ್ಷ ವಹಿಸಿದ್ದು ಪ್ರಮುಖ ಕಾರಣಗಳು. 2008ರ ಫೆಬ್ರವರಿ 19ರಂದು ತೋಷಿಬಾ ಎಚ್‌ಡಿ ಡಿವಿಡಿಯನ್ನು ಕೈಬಿಡುವುದಾಗಿ ಘೋಷಿಸಿತು. ಆದರೆ ಪೈಪೋಟಿ ಇನ್ನೂ ತೀರ್ಮಾನವಾಗದಿದ್ದ 2007ರಲ್ಲಿಯೇ ಹಳೆಯ ಗ್ರಾಹಕನ ದೂರಿಗೆ ಕಿವಿಗೊಟ್ಟದ್ದು ಮೆಚ್ಚತಕ್ಕ ನಡೆ.

ಅತಿಯಾದ ಹೊಳಪೂ ದೋಷವೇ

ಇದೇ ವ್ಯಾಪಾರದಲ್ಲಿ ಇದಕ್ಕೆ ವಿರುದ್ಧವಾದ ತಪ್ಪೂ ನಡೆದಿದೆ. ಫಿಲ್ಮಿನಲ್ಲಿ ಸ್ವಾಭಾವಿಕವಾಗಿ ಸಣ್ಣ ಸಣ್ಣ ಕಣಗಳಿರುತ್ತವೆ. ಚಿತ್ರದ ಸೂಕ್ಷ್ಮ ವಿವರಗಳು ಮೂಡುವುದು ಆ ಕಣಗಳಿಂದಲೇ. ನಯವಾದ ಚಿತ್ರವೇ ಉತ್ತಮವೆಂದು ಭಾವಿಸಿ ಕಂಪ್ಯೂಟರ್ ಮೂಲಕ ಕಣಗಳನ್ನು ಅಳಿಸಿದರೆ ಅವುಗಳೊಂದಿಗೆ ಚರ್ಮದ ರಂಧ್ರ, ಗಡ್ಡದ ಕೂದಲು, ಎಲೆಯ ನರಗಳೂ ಅಳಿದುಹೋಗುತ್ತವೆ. ಅರ್ನಾಲ್ಡ್ ಶ್ವಾರ್ಜ್‌ನೆಗ್ಗರ್ ಅಭಿನಯದ 1987ರ 'ಪ್ರಿಡೇಟರ್' ಚಿತ್ರದ 2010ರ ಬ್ಲೂ-ರೇ ಆವೃತ್ತಿಯಲ್ಲಿ ಹೀಗೆಯೇ ಆಯಿತು. ಕಾಡಿನಲ್ಲಿ ಬೆವರಿ ಬಳಲಿದ ಸೈನಿಕರ ಮುಖಗಳು ಮೇಣದ ಗೊಂಬೆಗಳ ಮುಖದಂತೆ ಕಂಡವು.

2000ನೇ ಇಸವಿಯ 'ಗ್ಲಾಡಿಯೇಟರ್' ಚಿತ್ರದ 2009ರ ಬ್ಲೂ-ರೇ ಡಿಸ್ಕಿನ ಪ್ರಸಂಗ ಇನ್ನೂ ವಿಚಿತ್ರ. ಆರಂಭದ ಯುದ್ಧದೃಶ್ಯದಲ್ಲಿ ಹಾರುವ ಬೆಂಕಿಯ ಬಾಣಗಳಲ್ಲಿ ಕೆಲವು ಕಾಣೆಯಾಗಿದ್ದುದನ್ನು ವೀಕ್ಷಕರು ಪತ್ತೆಹಚ್ಚಿದರು. ಧೂಳು ತೆಗೆಯುವ ಯಂತ್ರವು ಒಂದು ಚೌಕಟ್ಟಿನಲ್ಲಿದ್ದು ಮುಂದಿನದರಲ್ಲಿ ಅದೇ ಜಾಗದಲ್ಲಿ ಇಲ್ಲದ್ದನ್ನು ಕಸವೆಂದು ಎಣಿಸುತ್ತದೆ. ವೇಗದ ಬಾಣವೂ ಅದರ ಲೆಕ್ಕದಲ್ಲಿ ಕಸವೇ. ಯಂತ್ರದ ಕೆಲಸವನ್ನು ಮನುಷ್ಯನ ಕಣ್ಣು ಪರಿಶೀಲಿಸದಿದ್ದರೆ ಸರಕೇ ಕಸದೊಂದಿಗೆ ಹೋಗುತ್ತದೆ. ಆ ಚಿತ್ರವನ್ನೂ 2010ರಲ್ಲಿ ಹೊಸದಾಗಿ ಸಿದ್ಧಪಡಿಸಿ ಬಿಡುಗಡೆ ಮಾಡಬೇಕಾಯಿತು.

ನಮ್ಮ ಅಕ್ಕಿ ಗಿರಣಿಯವರಿಗೆ ಈ ವಿಷಯ ಹೊಸದಲ್ಲ. ಪಾಲಿಶ್ ಹೆಚ್ಚಿದಂತೆ ಅಕ್ಕಿ ಬೆಳ್ಳಗೆ ಹೊಳೆಯುತ್ತದೆ, ಆದರೆ ತೌಡಿನೊಂದಿಗೆ ಸತ್ತ್ವವೂ ಹೋಗುತ್ತದೆ. ಈ ತಪ್ಪು ಅಲ್ಲಿಗೇ ನಿಂತಿಲ್ಲ. 2024ರಲ್ಲಿ 4ಕೆ ಡಿಸ್ಕಿನಲ್ಲಿ ಬಂದ, ಜೇಮ್ಸ್ ಕ್ಯಾಮರೂನ್ ಅವರ 1994ರ 'ಟ್ರೂ ಲೈಸ್' ಸಾಹಸ ಚಿತ್ರದ ಬಗ್ಗೆಯೂ ಕಂಪ್ಯೂಟರ್ ಸಂಸ್ಕರಣೆ ಅತಿಯಾಯಿತೆಂಬ ಟೀಕೆ ಕೇಳಿಬಂದಿತು.

ವರ್ತಕರು ಮತ್ತು ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, ಮಾನದಂಡದ ಗುರುತು ಅಗತ್ಯ, ಆದರೆ ಸಾಲದು. ಗುರುತು ಯಾವುದನ್ನು ದೃಢೀಕರಿಸುತ್ತದೆ, ಯಾವುದನ್ನು ದೃಢೀಕರಿಸುವುದಿಲ್ಲ ಎಂಬುದನ್ನು ತಯಾರಕನೂ ವರ್ತಕನೂ ತಿಳಿದಿರಬೇಕು.

ಎರಡನೆಯದಾಗಿ, ಹೊಸ ಯಂತ್ರಕ್ಕೆ ಹಣ ಹೂಡುವಾಗ ಹಳೆಯ ಅಚ್ಚು, ನಕ್ಷೆ ಮತ್ತು ಕಚ್ಚಾ ಸಾಮಗ್ರಿಗಳನ್ನೂ ಮರುಪರಿಶೀಲಿಸಬೇಕು. ಯಂತ್ರ ಉತ್ತಮವಾದಷ್ಟೂ ಮೂಲದ ದೋಷ ಸ್ಪಷ್ಟವಾಗಿ ಕಾಣುತ್ತದೆ.

ಮೂರನೆಯದಾಗಿ, ಅಂತಿಮ ತಪಾಸಣೆಯು ಗ್ರಾಹಕನು ಸರಕನ್ನು ಬಳಸುವ ರೀತಿಯಲ್ಲಿಯೇ ನಡೆಯಬೇಕು. ದೊಡ್ಡ ಪರದೆಯಲ್ಲಿ ನೋಡುವ ಚಿತ್ರವನ್ನು ಚಿಕ್ಕ ಪರದೆಯಲ್ಲಿ ಪರೀಕ್ಷಿಸಿ ಪ್ರಯೋಜನವಿಲ್ಲ.

ನಾಲ್ಕನೆಯದಾಗಿ, ದೋಷವಿದ್ದ ಸರಕನ್ನು ಸುಧಾರಿಸಿದಾಗ ಹೊಸದನ್ನು ಹೊಸ ಗ್ರಾಹಕನಿಗೆ ಮಾರಿದರೆ ಸಾಲದು. ಹಳೆಯ ಗ್ರಾಹಕನಿಗೂ ಬದಲಿಸಿಕೊಡಬೇಕು. ಒಂದೇ ಹೆಸರಿನ ಹಳೆಯ ಮತ್ತು ಹೊಸ ದಾಸ್ತಾನು ಬೆರೆಯದಂತೆ ಹೊದಿಕೆಯ ಮೇಲೆ ವ್ಯತ್ಯಾಸವನ್ನು ನಮೂದಿಸಬೇಕು. ಇಲ್ಲವಾದರೆ ತಯಾರಕನ ತಪ್ಪಿಗೆ ಚಿಲ್ಲರೆ ವರ್ತಕನು ತನ್ನ ಗಲ್ಲಾಪೆಟ್ಟಿಗೆಯ ಮುಂದೆ ಉತ್ತರ ಹೇಳಬೇಕಾಗುತ್ತದೆ.

ದೂರು ತಂದ ಗ್ರಾಹಕನು ಇನ್ನೂ ನಮ್ಮ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಾನೆ ಎಂಬುದೇ ಒಂದು ಅವಕಾಶ. ಹಳೆಯ ಡಿಸ್ಕನ್ನು ಹಿಂದಕ್ಕೆ ಪಡೆದು ಹೊಸದನ್ನು ಕೊಟ್ಟ ಸಂಸ್ಥೆಯು ಆ ಅವಕಾಶವನ್ನು ಬಳಸಿಕೊಂಡಿತು. ನಮ್ಮ ಸದಸ್ಯರು ತಂತಮ್ಮ ಉದ್ದಿಮೆಯ ದೂರಿನ ಪುಸ್ತಕವನ್ನು ಈ ದೃಷ್ಟಿಯಿಂದ ಒಮ್ಮೆ ತೆರೆದು ನೋಡುವುದು ಲಾಭಕರವೆನಿಸೀತು.