ಹಳೆ ಪಿಕಪ್‌ನ ಮುಂದಿನ ಕಮಾನಿ: ಕಡಿಮೆ ಖರ್ಚಿನಲ್ಲಿ ಸರಿಮಾಡುವುದು ಹೇಗೆ?

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ಕರಜಗಿಯಿಂದ ಅಫಜಲಪುರದ ಕಡೆಗೆ ಹಳೆ ಮಹೀಂದ್ರ ಪಿಕಪ್‌ನಲ್ಲಿ ಕುಳಿತು ಹೋದವರಿಗೆ ಈ ಲೇಖನ ಯಾಕೆ ಎಂದು ಹೇಳಬೇಕಾಗಿಲ್ಲ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ನೆಲ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮೇಲಿನ ಡಾಂಬರು ಅಲೆಯಂತಾಗುತ್ತದೆ. ರಸ್ತೆ ನಮ್ಮ ಕೈಯಲ್ಲಿಲ್ಲ, ಗಾಡಿ ಮಾತ್ರ ನಮ್ಮದು.

ನಮ್ಮ ಚಾಚಾ ಅವರ ಪಿಕಪ್ ನನಗಿಂತ ವಯಸ್ಸಿನಲ್ಲಿ ದೊಡ್ಡದು. ಹೊಲದ ತೊಗರಿ, ಉಳ್ಳಾಗಡ್ಡಿ ಅದರಲ್ಲೇ ಪೇಟೆಗೆ ಹೋಗುತ್ತವೆ. ಮುಂದಿನ ಚಕ್ರ ಕುಣಿಯಲು ಶುರುವಾದಾಗ ಪಟ್ಟಣದ ಒಂದು ಗ್ಯಾರೇಜಿನವರು, ಮುಂದಿನ ಆಕ್ಸಲ್ ತೆಗೆದು ಕಾರಿನಂತೆ ಕಾಯಿಲ್ ಸ್ಪ್ರಿಂಗ್ ಕೂರಿಸಿಬಿಡಿ ಎಂದರು. ಹೇಳಿದ ಮೊತ್ತ ಗಾಡಿಯನ್ನೇ ಮಾರಿದರೂ ಬರುವಂತಿರಲಿಲ್ಲ. ಹಾಗಾದರೆ ಗಾಡಿಯನ್ನು ಮಾರಬೇಕೋ, ಸಾಲ ಮಾಡಬೇಕೋ? ಮನೆಯಲ್ಲಿ ಎರಡು ವಾರ ಇದೇ ಮಾತು. ಕೊನೆಗೆ ಊರಿನ ಮಿಸ್ತ್ರಿ ಒಬ್ಬರು ಗಾಡಿಯ ಕೆಳಗೆ ಮಲಗಿ ನೋಡಿ, "ಕಮಾನಿ ಸತ್ತಿಲ್ಲ ಸಾಬ್ರೆ, ಜಂಗ್ ಹಿಡದದ ಅಷ್ಟೆ" ಎಂದರು.

ಕಮಾನಿ ಎಂದರೆ ಲೀಫ್ ಸ್ಪ್ರಿಂಗ್. ಉರ್ದುವಿನಲ್ಲಿ ಕಮಾನ್ ಎಂದರೆ ಬಿಲ್ಲು. ಕನ್ನಡದಲ್ಲಿ ಬಾಗಿಲ ಮೇಲಿನ ಕಮಾನು ಎನ್ನುತ್ತೇವಲ್ಲ, ಅದೂ ಇದೇ ಫಾರಸಿ ಪದ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಉದ್ದದಿಂದ ಗಿಡ್ಡಕ್ಕೆ ಒಂದರ ಮೇಲೊಂದು ಜೋಡಿಸಿ, ನಡುವೆ ಸೆಂಟರ್ ಬೋಲ್ಟ್ ಹಾಕಿ, ಯು-ಬೋಲ್ಟ್‌ಗಳಿಂದ ಆಕ್ಸಲ್‌ಗೆ ಬಿಗಿಯುತ್ತಾರೆ. ಚಕ್ರ ಗುಂಡಿಗೆ ಬಿದ್ದಾಗ ಬಿಲ್ಲು ಚಪ್ಪಟೆಯಾಗುತ್ತದೆ, ಆಗ ಅದರ ಉದ್ದ ಹೆಚ್ಚುತ್ತದೆ. ಅದಕ್ಕೆ ಜಾಗ ಕೊಡಲು ಒಂದು ತುದಿಯಲ್ಲಿ ಉಯ್ಯಾಲೆಯಂತೆ ಆಡುವ ಶಕಲ್ ಇರುತ್ತದೆ. ಜೀಪಿನಿಂದ ಬಂದ ಹಳೆ ಪಿಕಪ್‌ಗಳಲ್ಲಿ ಹೆಚ್ಚಿನವಕ್ಕೆ ಇದೇ ವ್ಯವಸ್ಥೆ. ಈ ಕಂಪನಿ 1945ರಲ್ಲಿ ಶುರುವಾದಾಗ ಅದರ ಹೆಸರು ಮಹೀಂದ್ರ ಆ್ಯಂಡ್ ಮೊಹಮ್ಮದ್. ಪಾಲುದಾರ ಗುಲಾಂ ಮೊಹಮ್ಮದ್ ದೇಶ ವಿಭಜನೆಯ ನಂತರ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಹೆಸರು ಮಹೀಂದ್ರ ಆ್ಯಂಡ್ ಮಹೀಂದ್ರ ಆಯಿತು. ಪಾಲುದಾರಿಕೆಯ ಪಾಠ ಓದುತ್ತಿರುವ ನಮ್ಮ ತರಗತಿಗೆ ಇದು ಒಳ್ಳೆಯ ಉದಾಹರಣೆ.

ಈಗ ಮುಖ್ಯ ವಿಷಯ. ಪಟ್ಟಿಗಳು ಒಂದರ ಮೇಲೊಂದು ಜಾರಿದರೆ ಮಾತ್ರ ಕಮಾನಿ ಮೆತ್ತಗಿರುತ್ತದೆ. ನಡುವೆ ಮಣ್ಣು ಸೇರಿ ತುಕ್ಕು ಹಿಡಿದರೆ ಎಲ್ಲಾ ಪಟ್ಟಿಗಳು ಅಂಟಿಕೊಂಡು ಒಂದೇ ದಪ್ಪ ತುಂಡಿನಂತೆ ವರ್ತಿಸುತ್ತವೆ. ಆದ್ದರಿಂದ ಮೊದಲ ಖರ್ಚು ಬರೀ ಕೂಲಿ. ಸೆಟ್ ಇಳಿಸಿ, ಪಟ್ಟಿ ಬಿಚ್ಚಿ, ತಂತಿ ಬ್ರಷ್‌ನಿಂದ ತಿಕ್ಕಿ, ಗ್ರಾಫೈಟ್ ಗ್ರೀಸ್ ಹಚ್ಚಿ ಮತ್ತೆ ಜೋಡಿಸುವುದು. ಬಿರುಕು ಬಿಟ್ಟ ಪಟ್ಟಿ ಇದೆಯೇ ಎಂದು ಆಗಲೇ ಗೊತ್ತಾಗುತ್ತದೆ. ಕೆಲವರು ಬಿಚ್ಚದೇ ಹಳೆ ಇಂಜಿನ್ ಆಯಿಲ್ ಸುರಿಯುತ್ತಾರೆ. ಅದಕ್ಕೆ ಧೂಳು ಮೆತ್ತಿಕೊಳ್ಳುತ್ತದೆ, ರಬ್ಬರ್ ಬುಶ್ ಉಬ್ಬಿ ಹಾಳಾಗುತ್ತದೆ.

ಎರಡನೆಯದು ಬುಶ್ ಮತ್ತು ಶಕಲ್ ಪಿನ್. ಇವು ಸವೆದರೆ ಆಕ್ಸಲ್ ಹಿಂದೆ ಮುಂದೆ ಆಡುತ್ತದೆ, ಸ್ಟೇರಿಂಗ್ ನೆಟ್ಟಗೆ ಹಿಡಿದರೂ ಗಾಡಿ ಅಡ್ಡ ಹೋಗುತ್ತದೆ. ಚಕ್ರ ಕುಣಿಯುವುದಕ್ಕೆ ಕಿಂಗ್ ಪಿನ್, ಟೈ ರಾಡ್ ಎಂಡ್, ಟೈರಿನ ಬ್ಯಾಲೆನ್ಸ್ ಕೂಡ ಕಾರಣವಾಗಬಹುದು. ಅವನ್ನು ನೋಡದೇ ಕಮಾನಿಯ ಮೇಲೆ ಹಣ ಹಾಕುವುದು ಜ್ವರ ಅಳೆಯದೇ ಔಷಧಿ ಕೊಟ್ಟಂತೆ.

ಕಮಾನಿ ಚಪ್ಪಟೆಯಾಗಿದ್ದರೆ ಬಾಗು ಎತ್ತಿಸಬಹುದು. ಕುಲುಮೆ ಇರುವ ಕಮಾನಿ ಅಂಗಡಿಯಲ್ಲಿ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದವಾಗಿ ಕಾಯಿಸಿದರೆ ಬಾಗು ಬಹಳ ದಿನ ನಿಲ್ಲುತ್ತದೆ. ಗ್ಯಾಸ್ ಬೆಂಕಿ ಹಿಡಿದು ಒಂದೇ ಕಡೆ ಕೆಂಪಾಗಿಸಿದರೆ ಆ ಜಾಗದಲ್ಲಿ ಉಕ್ಕಿನ ಹದ ಹೋಗುತ್ತದೆ, ಅಲ್ಲೇ ಮುರಿಯುತ್ತದೆ. ಎರಡೂ ಬದಿಯನ್ನು ಒಟ್ಟಿಗೇ ಮಾಡಿಸಬೇಕು, ಇಲ್ಲದಿದ್ದರೆ ಗಾಡಿ ಒಂದು ಕಡೆ ವಾಲುತ್ತದೆ.

ನಮ್ಮಲ್ಲಿ ಎಲ್ಲರೂ ಮಾಡುವುದು ಇನ್ನೊಂದು ಪಟ್ಟಿ ಸೇರಿಸುವುದು. ಇಲ್ಲಿ ಸ್ವಲ್ಪ ಲೆಕ್ಕ ಇದೆ. ಒಂದೇ ದಪ್ಪದ ಹತ್ತು ಪಟ್ಟಿಗೆ ಒಂದು ಸೇರಿಸಿದರೆ ಕಮಾನಿ ಸುಮಾರು ಹತ್ತನೇ ಒಂದು ಪಾಲು ಬಿಗಿಯಾಗುತ್ತದೆ. ಆದರೆ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 6 ಮಿ.ಮೀ. ಪಟ್ಟಿಯ ಜಾಗದಲ್ಲಿ 7 ಮಿ.ಮೀ. ಹಾಕಿದರೆ 216 ಇದ್ದದ್ದು 343, ಅಂದರೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಒಂದು ಮಿಲಿಮೀಟರ್ ಅಷ್ಟೇ ಎಂದು ಅಂಗಡಿಯವರು ಹೇಳಿದರೆ ಈ ಲೆಕ್ಕ ನೆನಪಿಡಿ. ಜಾಸ್ತಿ ಲೋಡ್ ಹಾಕಲಿಕ್ಕೆ ಎಂದರೆ, 2019ರ ತಿದ್ದುಪಡಿಯ ಪ್ರಕಾರ ಅತಿಭಾರಕ್ಕೆ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್‌ಗೆ 2,000 ರೂಪಾಯಿ.

ಶಾಕಬ್ಸರ್ ಭಾರ ಹೊರುವುದಿಲ್ಲ. ಕಮಾನಿ ಕುಣಿಯುತ್ತಲೇ ಇರುವುದನ್ನು ಅದು ನಿಲ್ಲಿಸುತ್ತದೆ. ಎಣ್ಣೆ ಸೋರಿದ್ದರೆ ಜೋಡಿಯಾಗಿ ಬದಲಿಸಬೇಕು, ಉದ್ದ ಹಳೆಯದಕ್ಕೆ ಹೊಂದಬೇಕು. ಇನ್ನೂ ಕೈಯಲ್ಲಿ ಹಣವಿದ್ದರೆ ಪ್ಯಾರಾಬೋಲಿಕ್ ಕಮಾನಿ ಇದೆ: ನಡುವೆ ದಪ್ಪ, ತುದಿಗೆ ತೆಳು, ಎರಡು ಮೂರೇ ಪಟ್ಟಿ, ನಡುವೆ ಸಂದಿ ಇರುವುದರಿಂದ ತಿಕ್ಕಾಟ ಕಡಿಮೆ.

ಕಾಯಿಲ್ ಸ್ಪ್ರಿಂಗ್ ಕೂರಿಸಲು ಚಾಸಿಯನ್ನು ಕತ್ತರಿಸಿ ಬೆಸುಗೆ ಹಾಕಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಇಂಥ ಬದಲಾವಣೆಗೆ ಕಡಿವಾಣ ಹಾಕಿದೆ. 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗಬೇಕಾದರೂ ಚಾಸಿ ಮೂಲರೂಪದಲ್ಲೇ ಇರಬೇಕು. ಆದರೆ ವಿಂಟೇಜ್ ಎಂದು ಬರೆಸಿದ ಗಾಡಿಯಲ್ಲಿ ದಿನಾಲೂ ಉಳ್ಳಾಗಡ್ಡಿ ಸಾಗಿಸುವಂತಿಲ್ಲ! ಹಾಗಾಗಿ ನಮ್ಮ ಗಾಡಿ ಹಳೆಯದಾಗಿದ್ದರೆ ಸಾಕು.

ನಾನು ಚಾಚಾ ಅವರಿಗೆ ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳಿದೆ: ಬುಶ್, ಗ್ರೀಸ್, ಶಾಕಬ್ಸರ್ ರಾಜಸ್ವ ವೆಚ್ಚ, ಆ ವರ್ಷದ ದುಡಿಮೆಯಲ್ಲೇ ತೀರುತ್ತದೆ. ಕಾಯಿಲ್ ಸ್ಪ್ರಿಂಗ್ ಬಂಡವಾಳ ವೆಚ್ಚ. ಸವಕಳಿ ಕಳೆದು ಪುಸ್ತಕದಲ್ಲಿ ಮೌಲ್ಯವೇ ಉಳಿಯದ ಗಾಡಿಗೆ ಅಷ್ಟು ಬಂಡವಾಳ ಹಾಕಿದರೆ ಮಾರುವಾಗ ಯಾರೂ ಕೊಡುವುದಿಲ್ಲ. ಅವರು ನಕ್ಕು, "ಪಿಯುಸಿ ಫೀಸು ವಸೂಲಾಯ್ತು" ಎಂದರು. ಬುಶ್ ಮತ್ತು ಪಟ್ಟಿಯ ಕೆಲಸ ಮೊದಲು, ಶಾಕಬ್ಸರ್ ತೊಗರಿ ರಾಶಿಯಾದ ಮೇಲೆ ಎಂದು ತೀರ್ಮಾನವಾಯಿತು.

ಮನೆಯಲ್ಲೇ ಬಿಚ್ಚುವವರಿಗೆ: ಬರೀ ಜಾಕ್ ಮೇಲೆ ನಂಬಿಕೆ ಇಟ್ಟು ಗಾಡಿಯ ಕೆಳಗೆ ಹೋಗಬೇಡಿ, ಚಾಸಿಗೆ ಗಟ್ಟಿ ಆಸರೆ ಕೊಡಿ. ಹಳೆ ಯು-ಬೋಲ್ಟ್ ಎಳೆದು ಸಡಿಲವಾಗಿರುತ್ತದೆ, ಹೊಸದೇ ಹಾಕಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಅದನ್ನು ಇನ್ನೊಮ್ಮೆ ಬಿಗಿಯಿರಿ.