ಒಗ್ಗರಣಿ ಬಂಡಿಗೂ ಒಂದು ಜಾಗ ಬೇಕು

ಹೊಸಪೇಟೆ, ಕಂಪ್ಲಿ, ಸಂಡೂರು ಎಲ್ಲೇ ಬೆಳಿಗ್ಗೆ ಬಸ್ ಇಳಿದರೂ ಒಗ್ಗರಣಿ–ಮಿರ್ಚಿಯ ವಾಸನೆ ಮೂಗಿಗೆ ಬಡಿಯುತ್ತದೆ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆ. ಮೇಲೊಂದಿಷ್ಟು ಪುಟಾಣಿ ಹಿಟ್ಟು, ಪಕ್ಕದಲ್ಲಿ ಬಿಸಿ ಮಿರ್ಚಿ. ಹಮಾಲರು, ಲಾರಿ ಚಾಲಕರು, ನಮ್ಮಂಥ ವಿದ್ಯಾರ್ಥಿಗಳು ಒಂದೇ ಬಂಡಿಯ ಸುತ್ತ ನಿಂತು ತಿನ್ನುತ್ತೇವೆ. ಈ ರುಚಿಗೆ ಗಿರಾಕಿಗಳ ಕೊರತೆಯಿಲ್ಲ. ಬಂಡಿ ನಿಲ್ಲುವ ಜಾಗಕ್ಕೇ ಕೊರತೆ.

ಹಂಪಿಯನ್ನೇ ನೋಡಿ. 1986ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು. ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಸಾಲು ಮಂಟಪಗಳಲ್ಲಿ ಜನ ಮನೆ ಮಾಡಿಕೊಂಡು, ಸಣ್ಣ ಹೋಟೆಲು, ಅಂಗಡಿ ನಡೆಸುತ್ತಿದ್ದರು. ಸ್ಮಾರಕ ರಕ್ಷಣೆಗೆಂದು 2011ರ ಜುಲೈನಲ್ಲಿ ಅವನ್ನು ತೆರವುಗೊಳಿಸಲಾಯಿತು. ನದಿಯಾಚೆಯ ವಿರೂಪಾಪುರ ಗಡ್ಡೆಯಲ್ಲಿ ವಿದೇಶಿ ಪ್ರವಾಸಿಗರಿಗಾಗಿ ಫಲಾಫೆಲ್, ಹಮ್ಮಸ್, ಪ್ಯಾನ್‌ಕೇಕ್ ಮೆನುಗೆ ಬಂದಿದ್ದವು. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಅಲ್ಲಿನ ರೆಸಾರ್ಟ್‌ಗಳೂ ನೆಲಸಮವಾದವು.

ಸ್ಮಾರಕ ಉಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೆರವಾದ ಮೇಲೆ ಬಂಡವಾಳ ಇದ್ದವರು ಬೇರೆ ಕಡೆ ಬೋರ್ಡ್ ಹಾಕಬಹುದು. ದಿನದ ದುಡಿಮೆಯಲ್ಲೇ ಮರುದಿನದ ಎಣ್ಣೆ, ಹಿಟ್ಟು ಕೊಳ್ಳುವವರಿಗೆ ಅದು ಸುಲಭವಲ್ಲ. ಆಗ ಜೋಳದ ರೊಟ್ಟಿ, ಎಣ್ಣೆಗಾಯಿ ಎ.ಸಿ. ಹೋಟೆಲಿನ ‘ಸ್ಪೆಷಲ್ ಥಾಳಿ’ಯಾಗಿ ಉಳಿಯುತ್ತವೆ, ಅವನ್ನು ದಿನಾ ಉಣ್ಣುತ್ತಿದ್ದವರ ಕೈಗೆ ಎಟಕುವುದಿಲ್ಲ.

ಬಿ.ಇ. ಓದುವ ನಾನು ತರಗತಿಯಲ್ಲಿ ರಸ್ತೆಯ ನಕ್ಷೆ ಬಿಡಿಸುತ್ತೇನೆ. ಚರಂಡಿ, ಫುಟ್‌ಪಾತ್, ಪಾರ್ಕಿಂಗ್ ಎಲ್ಲಕ್ಕೂ ಅಳತೆ ಇದೆ. ತಳ್ಳುಬಂಡಿಗೆ ಮಾತ್ರ ಒಂದು ಗೆರೆಯೂ ಇಲ್ಲ. ನಕ್ಷೆಯಲ್ಲಿ ಇಲ್ಲದ್ದು ರಸ್ತೆಯಲ್ಲಿ ‘ಅಡ್ಡಿ’ ಅನ್ನಿಸಿಕೊಳ್ಳುತ್ತದೆ.

ಕಾನೂನು ಮಾತ್ರ ಬಂಡಿಯನ್ನು ಮರೆತಿಲ್ಲ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ವ್ಯಾಪಾರಿಗಳನ್ನು ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಅವರ ಪ್ರತಿನಿಧಿಗಳು ಕನಿಷ್ಠ ಶೇ 40ರಷ್ಟು ಇರಬೇಕು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆ ಇದು ಒಂದು ಅಂಕದ ಪ್ರಶ್ನೆ. ಬಂಡಿಯವರಿಗೆ ಅನ್ನದ ಪ್ರಶ್ನೆ.

ಮುಂದಿನ ಸಲ ಪ್ಲೇಟ್ ಕೈಗೆತ್ತಿಕೊಂಡಾಗ ಫೋಟೊ ತೆಗೆಯುವ ಮೊದಲು ‘ಅಕ್ಕಾ, ನಿಮ್ಮ ಸರ್ವೆ ಆಗೈತೇನ್ರಿ?’ ಎಂದು ಕೇಳೋಣ. ಆಗಿಲ್ಲವೆಂದರೆ ಅರ್ಜಿ ಬರೆದುಕೊಡುವಷ್ಟು ಓದಂತೂ ನಮಗಿದೆ.